ತೇಲುವ ಮನೆಯಲ್ಲಿ ಐದು ವಾರ: ನೀರು, ಕರೆಂಟು, ಗ್ಯಾಸು ಎಲ್ಲಾ ನಮ್ಮ ಕೈಲೇ. ಕೇಳುವುದಿದ್ದರೆ ಕೇಳಿ

ಉತ್ತರಹಳ್ಳಿ ಮಹಡಿ:

ಎಲ್ಲರಿಗೂ ನಮಸ್ಕಾರ. ಟೆರೇಸ್ ತೋಟದ ಚರ್ಚೆಯಲ್ಲಿ "ನಮ್ಮ ಅಕ್ಕನ ಮನೆ ನೀರಿನ ಮೇಲಿದೆ, ಅಲ್ಲಿಗೆ ಕರೆಂಟ್ ಲೈನೇ ಇಲ್ಲ" ಅಂತ ಒಂದು ಸಾಲು ಬರೆದಿದ್ದೆ. ಆ ಸಾಲಿಗೇ ಜಾಸ್ತಿ ಪ್ರಶ್ನೆ ಬಂದವು. ಅಲ್ಲೇ ಉತ್ತರ ಬರೆದರೆ ತೋಟದ ಮಾತು ಹಿಂದೆ ಬೀಳುತ್ತದೆ, ಅದಕ್ಕೆ ಇಲ್ಲಿ ಬೇರೆಯಾಗಿ ಶುರುಮಾಡಿದ್ದೇನೆ.

ಹೋದ ವರ್ಷ ಸೆಪ್ಟೆಂಬರ್ ಮಧ್ಯದಿಂದ ಐದು ವಾರ ಅಲ್ಲಿದ್ದೆ. ಊರು ಕೆನಡಾದ ಪಶ್ಚಿಮ ಕರಾವಳಿಯ ಪೊವೆಲ್ ರಿವರ್. ವ್ಯಾಂಕೂವರ್ ಕಡೆಯಿಂದ ಹೊರಟರೆ ದಾರಿಯಲ್ಲಿ ಎರಡು ಸಲ ಕಾರನ್ನೇ ಫೆರಿಗೆ ಹತ್ತಿಸಬೇಕು. ಊರ ಪಕ್ಕದಲ್ಲೇ ಪೊವೆಲ್ ಲೇಕ್. ಅಕ್ಕ, ಭಾವ ಇಬ್ಬರಿಗೂ ಊರಲ್ಲಿ ಸಣ್ಣ ಮನೆ ಇದೆ. ಆದರೆ ಏಪ್ರಿಲ್‌ನಿಂದ ಅಕ್ಟೋಬರ್ ಕೊನೆಯವರೆಗೆ ಅವರು ಇರುವುದು ಕೆರೆ ಮೇಲೆ. ಅಲ್ಲಿಗೆ ರಸ್ತೆ ಇಲ್ಲ. ದೋಣಿಯಲ್ಲಿ 40 ನಿಮಿಷ.

ಕೆರೆ ಅಂದಕೂಡಲೇ ನಮಗೆ ಏರಿ, ಕೋಡಿ ಕಣ್ಣ ಮುಂದೆ ಬರುತ್ತವೆ. ಇದು ಹಾಗಿಲ್ಲ. ಎರಡೂ ಕಡೆ ಬೆಟ್ಟ. ಬಂಡೆ ನೆಟ್ಟಗೆ ನೀರಿಗೆ ಇಳಿಯುತ್ತದೆ. ಆಳ 350 ಮೀಟರ್ ದಾಟುತ್ತದೆ. ಒಂದು ಕಾಲಕ್ಕೆ ಅದು ಸಮುದ್ರದ ತೋಳು. ಹಿಮಯುಗದ ಮಂಜು ಕರಗಿದ ಮೇಲೆ ನೆಲ ಮೇಲೆದ್ದು ಸಮುದ್ರದಿಂದ ಬೇರೆಯಾಯಿತು. ಸುಮಾರು 10,000 ವರ್ಷದ ಹಿಂದಿನ ಆ ಉಪ್ಪುನೀರು ಈಗಲೂ ತಳದಲ್ಲಿ ಹಾಗೇ ನಿಂತಿದೆ, ಮೇಲಿನ ಸಿಹಿನೀರಿಗೆ ಬೆರೆಯುವುದಿಲ್ಲ. ರಾತ್ರಿ ಮಲಗಿದಾಗ ನನಗೆ ಇದೇ ನೆನಪಾಗುತ್ತಿತ್ತು. ನನ್ನ ಚಾಪೆಯ ಕೆಳಗೆ ಹಲಗೆ, ಹಲಗೆಯ ಕೆಳಗೆ ದಿಮ್ಮಿ, ಅದರ ಕೆಳಗೆ ಸಿಹಿನೀರು, ಎಲ್ಲಕ್ಕಿಂತ ಕೆಳಗೆ ಆ ಹಳೇ ಸಮುದ್ರ.

ದಡದಲ್ಲಿ ಸಮತಟ್ಟು ಜಾಗ ತೀರಾ ಕಡಿಮೆ. 1912ರಿಂದ ಆ ಊರಲ್ಲಿ ಕಾಗದದ ಗಿರಣಿ ನಡೆಯುತ್ತಿತ್ತು, ಕೆರೆಯ ಬಾಯಿಗೆ ಅಣೆಕಟ್ಟೂ ಇದೆ. ಕಾಡಿನಲ್ಲಿ ಮರ ಕಡಿಯುವವರು ತಮ್ಮ ಬಿಡಾರವನ್ನು ತೆಪ್ಪದ ಮೇಲೆ ಕಟ್ಟಿಕೊಂಡು, ಕೆಲಸ ಎಲ್ಲಿದೆಯೋ ಅಲ್ಲಿಗೆ ಎಳೆದುಕೊಂಡು ಹೋಗುತ್ತಿದ್ದರು. ಈಗಿನ ತೇಲುಮನೆಗಳು ಆ ಬಿಡಾರಗಳ ಮುಂದುವರಿಕೆ. ಅಡಿಯಲ್ಲಿ ದೊಡ್ಡ ಸೀಡರ್ ದಿಮ್ಮಿಗಳು, ಅಡ್ಡಕ್ಕೆ ಇನ್ನಷ್ಟು ದಿಮ್ಮಿ, ಎಲ್ಲವನ್ನೂ ಬಿಗಿಯಲು ಉಕ್ಕಿನ ಕೇಬಲ್. ಮೇಲೆ ಹಲಗೆ ಹಾಸಿ ಮನೆ ಮತ್ತು ಸುತ್ತ ಜಗಲಿ. ಮನೆಯಿಂದ ದಡದ ಬಂಡೆಗೆ ನಾಲ್ಕು ಕೇಬಲ್. ಸೀಡರ್ ಹಗುರ ಮರ, ನೀರಲ್ಲಿದ್ದರೂ ಬೇಗ ಕೊಳೆಯುವುದಿಲ್ಲ.

ಬೆಳಿಗ್ಗೆ ಎದ್ದ ಕೂಡಲೇ ಭಾವ ಒಂದು ಸುತ್ತು ಹೋಗುತ್ತಾರೆ. ಕಾಫಿಗೂ ಮುಂಚೆ. ಕೇಬಲ್ ಹೇಗಿದೆ, ಬ್ಯಾಟರಿ ಎಷ್ಟಿದೆ, ಗ್ಯಾಸ್ ಎಷ್ಟು ಉಳಿದಿದೆ, ಸೌದೆ ಎಷ್ಟಿದೆ. ಗೋಡೆಗೆ ನೇತುಹಾಕಿದ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಬರೆಯುತ್ತಾರೆ. ಎರಡನೇ ವಾರದಿಂದ ಆ ಸುತ್ತು ನನ್ನ ಪಾಲಿಗೆ ಬಂತು. ನಾನು ಅಲ್ಲಿ ಕಲಿತದ್ದೆಲ್ಲ ಆ ಸುತ್ತಿನಲ್ಲೇ.

ಕೇಳಿ, ಗೊತ್ತಿರುವಷ್ಟು ಹೇಳುತ್ತೇನೆ.

ಬನಶಂಕರಿ ಅಡುಗೆಮನೆ:

ಮೊದಲು ಅಡುಗೆ ಹೇಳಿ ತಾಯಿ. ಫ್ರಿಜ್ ಇದೆಯಾ? ದೋಸೆ ಹಿಟ್ಟು ಹುಳಿ ಬರುತ್ತಾ ಆ ಚಳಿಯಲ್ಲಿ? ಕರಿಬೇವು?

ಉತ್ತರಹಳ್ಳಿ ಮಹಡಿ:

ಫ್ರಿಜ್ ಇದೆ ಅಮ್ಮಾ, ಆದರೆ ಗ್ಯಾಸಿನದು. ಹಿಂದೆ ಕೆಳಗಡೆ ಒಂದು ಸಣ್ಣ ನೀಲಿ ಜ್ವಾಲೆ ಹಗಲೂ ರಾತ್ರಿ ಉರಿಯುತ್ತಿರುತ್ತದೆ. ಅದು ಅಮೋನಿಯ ಬೆರೆತ ನೀರನ್ನು ಕಾಯಿಸುತ್ತದೆ. ಅಮೋನಿಯ ಆವಿಯಾಗಿ ಮೇಲೆ ಹೋಗಿ, ತಣಿದು ದ್ರವವಾಗಿ, ಮತ್ತೆ ಆವಿಯಾಗುವಾಗ ಒಳಗಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಮೋಟಾರು ಇಲ್ಲ, ಸದ್ದೂ ಇಲ್ಲ. ಬೆಂಕಿ ಹಚ್ಚಿ ಮೊಸರು ತಣ್ಣಗಿಡುವುದನ್ನು ನಾನು ಅಲ್ಲೇ ಮೊದಲು ನೋಡಿದ್ದು. 9 ಕೆಜಿಯ ಸಿಲಿಂಡರ್ ಒಂದು ಫ್ರಿಜ್ಜಿಗೇ ಹತ್ತು ಹನ್ನೆರಡು ದಿನ ಬರುತ್ತಿತ್ತು.

ಆ ಫ್ರಿಜ್ಜಿಗೆ ಒಂದು ಹಟ ಇದೆ. ಅದು ಸಮಮಟ್ಟದಲ್ಲಿ ನಿಲ್ಲಬೇಕು. ಸ್ವಲ್ಪ ವಾಲಿದರೂ ಒಳಗಿನ ದ್ರವ ಇಳಿಯುವ ಕಡೆ ಇಳಿಯದೆ, ತಂಪಾಗುವುದು ನಿಂತುಹೋಗುತ್ತದೆ. ಅದಕ್ಕೇ ಭಾವ ಫ್ರಿಜ್ ಮೇಲೆ ಯಾವಾಗಲೂ ಒಂದು ರಸಮಟ್ಟ ಇಟ್ಟಿರುತ್ತಾರೆ, ನಮ್ಮ ಮೇಸ್ತ್ರಿಗಳ ಹತ್ತಿರ ಇರುವಂಥದ್ದೇ. ಗುಳ್ಳೆ ಮಧ್ಯದಲ್ಲಿದ್ದರೆ ಮನೆ ಸರಿಯಾಗಿ ತೇಲುತ್ತಿದೆ ಅಂತ ಅರ್ಥ.

ಹಿಟ್ಟು ಹುಳಿ ಬರಲು ಒಲೆ ಹಿಂದಿನ ಗೂಡು. ಮನೆ ಮಧ್ಯದಲ್ಲಿ ಕಬ್ಬಿಣದ ಸೌದೆ ಒಲೆ, ಸಂಜೆಯಿಂದ ಉರಿಯುತ್ತಿರುತ್ತದೆ. ಪಾತ್ರೆಗೆ ಟವೆಲ್ ಸುತ್ತಿ ಅಲ್ಲಿಟ್ಟರೆ ಬೆಳಿಗ್ಗೆಗೆ ತಟ್ಟೆ ಎತ್ತುವಷ್ಟು ಉಬ್ಬಿರುತ್ತಿತ್ತು. ಅಕ್ಕಿ, ಬೇಳೆ ಎರಡೂ ಕುಕ್ಕರಿನಲ್ಲೇ, ಗ್ಯಾಸ್ ಉಳಿಯುತ್ತದೆ. ಕರಿಬೇವು ಬೆಳೆಯುವುದಿಲ್ಲ, ಒಣಗಿಸಿದ್ದನ್ನು ನಾನೇ ಒಯ್ದಿದ್ದೆ. ತೋಟ ಮಾತ್ರ ಇದೆ. ಅದೂ ಒಂದು ತೆಪ್ಪದ ಮೇಲೆ! ಮಣ್ಣು ತುಂಬಿದ ಮಡಿಗಳಲ್ಲಿ ಆಲೂಗಡ್ಡೆ, ಈರುಳ್ಳಿ, ಕ್ಯಾರೆಟ್ಟು, ಕೊತ್ತಂಬರಿ. ಹಗ್ಗ ಎಳೆದು ಹತ್ತಿರ ತಂದುಕೊಂಡು, ಕೆಲಸ ಮುಗಿದ ಮೇಲೆ ಮತ್ತೆ ಬಿಸಿಲಿಗೆ ಬಿಡುತ್ತಾರೆ.

ವೋಲ್ಟ್ ಲೆಕ್ಕ:

ಬ್ಯಾಟರಿ ವಿವರ ಕೊಡಿ ಮೇಡಂ. ಎಷ್ಟು ಪ್ಯಾನೆಲ್, ಎಷ್ಟು ಆಂಪಿಯರ್? ಮಿಕ್ಸಿ ಓಡುತ್ತಾ?

ಉತ್ತರಹಳ್ಳಿ ಮಹಡಿ:

300 ವ್ಯಾಟ್ ಪ್ಯಾನೆಲ್. 6 ವೋಲ್ಟಿನ ಬ್ಯಾಟರಿ ನಾಲ್ಕು, ಒಂದೊಂದು 220 ಆಂಪಿಯರ್ ಅವರ್. ಎರಡೆರಡನ್ನು ಸೇರಿಸಿ 12 ವೋಲ್ಟ್ ಮಾಡಿದ್ದಾರೆ. ಎಲ್ಲಾ ದೀಪ 12 ವೋಲ್ಟಿನ ಎಲ್‌ಇಡಿ. ಇನ್ವರ್ಟರ್ ಬೇಕಾದಾಗ ಮಾತ್ರ ಆನ್.

ಮಿಕ್ಸಿಯದ್ದೇ ನನ್ನ ದೊಡ್ಡ ತಪ್ಪು. ಅಕ್ಕನ ಹತ್ತಿರ ಅಲ್ಲಿನ 120 ವೋಲ್ಟಿಗೆ ಹೊಂದುವ ಮಿಕ್ಸಿ ಇದೆ, ಅದನ್ನು ಬಿಸಿಲಿರುವ ದಿನ ಮಧ್ಯಾಹ್ನ ಮಾತ್ರ ಹಾಕುತ್ತಾಳೆ. ನಾನು ಹೋಗಿ ಒಂಬತ್ತನೇ ದಿನ. ನಾಲ್ಕು ದಿನದಿಂದ ಮೋಡ. ಬೆಳಿಗ್ಗೆಯ ಸುತ್ತಿನಲ್ಲಿ ಬ್ಯಾಟರಿ 12.1 ವೋಲ್ಟ್, ಅಂದರೆ ಅರ್ಧ ಖಾಲಿ ಅಂತ ನಾನೇ ಬರೆದಿದ್ದೆ. ಆಮೇಲೆ ಮರೆತು ಚಟ್ನಿಗೆ ಹಾಕಿದೆ. ಒಂದು ಸಲ ಗುರ್ ಅಂತು, ಇನ್ವರ್ಟರ್ ಕಿರುಚಿ ನಿಂತುಹೋಯಿತು. ಅಕ್ಕ ಬೈಯಲಿಲ್ಲ. ಒಳಗಿನಿಂದ ಕುಟ್ಟಾಣಿ ತಂದು ನನ್ನ ಮುಂದೆ ಇಟ್ಟಳು. ಆಮೇಲೆ ಕೊನೆಯವರೆಗೂ ಚಟ್ನಿ ಕುಟ್ಟಿದ್ದು ನಾನೇ.

ವೋಲ್ಟ್ ಲೆಕ್ಕ:

ಹೊಸಬರಿಗೆ ಉಪಯೋಗವಾಗಲಿ ಅಂತ ವಿವರಿಸುತ್ತೇನೆ. 500 ವ್ಯಾಟ್ ಮಿಕ್ಸಿ ಐದು ನಿಮಿಷ ಓಡಿದರೆ ಸುಮಾರು 42 ವ್ಯಾಟ್ ಅವರ್. ಯೂನಿಟ್ ಲೆಕ್ಕದಲ್ಲಿ ಅದು ಏನೂ ಅಲ್ಲ. ಸಮಸ್ಯೆ ಒಂದೇ ಸಲಕ್ಕೆ ಎಳೆಯುವ ಕರೆಂಟಿನದು. 12 ವೋಲ್ಟಿನಲ್ಲಿ 500 ವ್ಯಾಟ್ ಅಂದರೆ 42 ಆಂಪಿಯರ್, ಇನ್ವರ್ಟರ್ ನಷ್ಟ ಸೇರಿಸಿದರೆ 50ರ ಹತ್ತಿರ, ಮೋಟಾರು ಶುರುವಾಗುವ ಕ್ಷಣದಲ್ಲಿ ಅದಕ್ಕಿಂತಲೂ ಜಾಸ್ತಿ. ಅರ್ಧ ಖಾಲಿಯಾದ ಬ್ಯಾಟರಿಯಲ್ಲಿ ವೋಲ್ಟೇಜ್ ತಟ್ಟನೆ ಕುಸಿಯುತ್ತದೆ. ಇನ್ವರ್ಟರ್ ಬ್ಯಾಟರಿ ಉಳಿಸಲು ತಾನೇ ಆಫ್ ಆಗುತ್ತದೆ. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸದಿದ್ದರೆ ಬಾಳಿಕೆ ಬರುತ್ತದೆ. ನಮ್ಮ ಮನೆಗಳ ಯುಪಿಎಸ್ ಬ್ಯಾಟರಿಗೂ ಇದೇ ನಿಯಮ. ಡಿಸ್ಟಿಲ್ಡ್ ವಾಟರ್ ನೋಡಿ ಎಷ್ಟು ತಿಂಗಳಾಯಿತು ಅಂತ ಇದನ್ನು ಓದುತ್ತಿರುವವರು ಎದ್ದು ಹೋಗಿ ನೋಡಿ, ದಯವಿಟ್ಟು.

ಇನ್ನೊಂದು ಮಾತು. ಆ ಊರು ಸುಮಾರು 50 ಡಿಗ್ರಿ ಉತ್ತರದಲ್ಲಿದೆ. ಜೂನ್‌ನಲ್ಲಿ ಹಗಲು 16 ಗಂಟೆ, ಡಿಸೆಂಬರ್‌ನಲ್ಲಿ 8 ಗಂಟೆ. ಬೆಂಗಳೂರು 13 ಡಿಗ್ರಿ. ನಮಗೆ ಡಿಸೆಂಬರಿನಲ್ಲೂ 11 ಗಂಟೆಗೆ ಮೇಲೆ ಹಗಲು. ಸೋಲಾರಿಗೆ ನಮ್ಮ ಊರು ಅವರಿಗಿಂತ ಎಷ್ಟೋ ಮೇಲು.

ಶ್ರೀರಾಂಪುರ ಬಿಂದಿಗೆ:

ಒಂದು ಮಾತು ಬರೆಯಬೇಕು ಅನಿಸಿತು. ತಪ್ಪು ತಿಳಿಯಬೇಡಿ. ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯಲ್ಲಿ ಒಂದೇ ನಲ್ಲಿ. ಬೆಳಗಿನ ಜಾವ ಮೂರು ಗಂಟೆಗೆ ಅಮ್ಮ ಬಿಂದಿಗೆ ಸಾಲಿಗೆ ಇಡುತ್ತಿದ್ದರು, ನಾನು ಕಾವಲು ಕೂರುತ್ತಿದ್ದೆ. ಎಷ್ಟು ಬಿಂದಿಗೆ ಸ್ನಾನಕ್ಕೆ, ಎಷ್ಟು ಅಡುಗೆಗೆ ಅನ್ನುವ ಲೆಕ್ಕ ಅಮ್ಮನ ಬಾಯಲ್ಲೇ ಇರುತ್ತಿತ್ತು. ಈಗಲೂ ಊರಂಚಿನ ಬಡಾವಣೆಗಳಲ್ಲಿ ಟ್ಯಾಂಕರ್ ಬಂದರೆ ಮಾತ್ರ ನೀರು. 2024ರ ಬೇಸಿಗೆ ಎಲ್ಲರಿಗೂ ನೆನಪಿದೆಯಲ್ವಾ. ಇವರೆಲ್ಲ ಬೇಕು ಅಂತ ನೀರಿನ ಲೈನಿನಿಂದ ಹೊರಗೆ ನಿಂತವರಲ್ಲ. ದುಡ್ಡಿದ್ದವರು ಬೇಕು ಅಂತ ಹೋಗಿ ಇರುವುದು ಬೇರೆ, ಗತಿಯಿಲ್ಲದೆ ಇರುವುದು ಬೇರೆ.

ಉತ್ತರಹಳ್ಳಿ ಮಹಡಿ:

ಸರ್, ತಪ್ಪು ತಿಳಿಯುವ ಮಾತೇ ಇಲ್ಲ. ನೀವು ಹೇಳಿದ್ದು ನಿಜ. ಅಕ್ಕನಿಗೆ ಚಳಿ ಜಾಸ್ತಿಯಾದರೆ ಊರ ಮನೆಗೆ ವಾಪಸ್ ಹೋಗುವ ದಾರಿ ಇದೆ. ನನಗೆ ವಿಮಾನದ ಟಿಕೆಟ್ ಇತ್ತು. ನಿಮ್ಮ ಅಮ್ಮನಿಗೆ ಆ ದಾರಿ ಇರಲಿಲ್ಲ. ಅವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾರೆ.

ಆದರೆ ನಿಮ್ಮ ಅಮ್ಮನ ಆ ಬಿಂದಿಗೆ ಲೆಕ್ಕ ಇದೆಯಲ್ಲ, ಅದು ನನಗೆ ಗೊತ್ತೇ ಇರಲಿಲ್ಲ. ನಾನು ಬೆಳೆದ ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು. ಆ ನೀರು 100 ಕಿಲೋಮೀಟರ್ ಆಚೆಯ ಕಾವೇರಿಯಿಂದ, ತೊರೆಕಾಡನಹಳ್ಳಿಯ ಪಂಪುಗಳು ಎತ್ತಿ ಎತ್ತಿ ಕಳಿಸಿದ ನೀರು ಅಂತ ಶಾಲೆಯಲ್ಲಿ ಓದಿದ್ದೆ, ಅಷ್ಟೇ. ಅಕ್ಕನ ಮನೆಯಲ್ಲಿ ಸುತ್ತ ನೀರೇ ಇದ್ದರೂ ಪ್ರತಿ ಲೋಟವನ್ನೂ ಕೈಪಂಪು ಒತ್ತಿ ಎತ್ತಬೇಕು, ಕುಡಿಯುವುದನ್ನು ಸೋಸಿ ಕುದಿಸಬೇಕು. ಕಾಡು ಪ್ರಾಣಿಗಳಿಂದ ಹೊಟ್ಟೆ ಕೆಡಿಸುವ ಜಿಯಾರ್ಡಿಯ ಅನ್ನುವ ರೋಗಾಣು ನೀರಿಗೆ ಸೇರಬಹುದು ಅಂತ. ಸ್ನಾನಕ್ಕೆ ಒಂದು ಬಕೆಟ್ಟಿಗೆ 35 ಸಲ ಒತ್ತಬೇಕು. ನಾಲ್ಕನೇ ದಿನ ನಾನು ಅರ್ಧ ಬಕೆಟ್ಟಿನಲ್ಲಿ ಸ್ನಾನ ಮುಗಿಸುವುದು ಕಲಿತೆ. ನೀರು ಉಳಿಸಿ ಅಂತ ಯಾರೂ ಹೇಳಲಿಲ್ಲ, ಭುಜ ಹೇಳಿತು.

ಶ್ರೀರಾಂಪುರ ಬಿಂದಿಗೆ:

ಅಮ್ಮನಿಗೆ ಓದಿ ಹೇಳಿದೆ. ಆ ಕೈಪಂಪಿನ ವಾಷರ್ ಚರ್ಮದ್ದಾ ರಬ್ಬರಿನದಾ ಅಂತ ಕೇಳುತ್ತಿದ್ದಾರೆ. ಚರ್ಮದ್ದಾದರೆ ಒಣಗಲು ಬಿಡಬಾರದಂತೆ.

ಉತ್ತರಹಳ್ಳಿ ಮಹಡಿ:

ಚರ್ಮದ್ದೇ ಸರ್. ಪಂಪು ಒಣಗಿದ್ದರೆ ಮೇಲಿನಿಂದ ಒಂದು ಲೋಟ ನೀರು ಹುಯ್ದು ಶುರುಮಾಡಬೇಕು. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಲಾಲ್‌ಬಾಗ್ ನಡಿಗೆ:

ಟಾಯ್ಲೆಟ್?

ಉತ್ತರಹಳ್ಳಿ ಮಹಡಿ:

ಕಾಂಪೋಸ್ಟ್ ಟಾಯ್ಲೆಟ್. ಮೂತ್ರ ಬೇರೆ, ಮಲ ಬೇರೆ. ಪ್ರತಿ ಸಲ ಎರಡು ಹಿಡಿ ಮರದ ಹೊಟ್ಟು ಹಾಕಬೇಕು. ವಾಸನೆ ಇರಲಿಲ್ಲ. ಕೆರೆಗೆ ಒಂದು ಹನಿಯೂ ಬಿಡುವುದಿಲ್ಲ, ಕುಡಿಯುವುದು ಅದೇ ನೀರನ್ನಲ್ವಾ.

ಹೆಬ್ಬಾಳ ಹಕ್ಕಿ:

ಬೆಂಗಳೂರಿನ ಕೆರೆಗಳಲ್ಲಿ ಇಂಥ ಒಂದೆರಡು ಮನೆ ಮಾಡಿದರೆ ಹೇಗೆ? ಕೆರೆ ಮೇಲೆ ಯಾರಾದರೂ ವಾಸ ಇದ್ದರೆ ಕೊಳಚೆ ಬಿಡುವವರ ಮೇಲೆ ಕಣ್ಣಾದರೂ ಇರುತ್ತದೆ ಅಲ್ವಾ?

ನೀರಗಂಟಿ ಮೊಮ್ಮಗ:

ಆಗುವುದಿಲ್ಲ ಸರ್, ಕಾರಣ ಹೇಳುತ್ತೇನೆ. ನಮ್ಮ ತಾತ ಆನೇಕಲ್ ಕಡೆ ನೀರಗಂಟಿ. ಕೆರೆ ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿ ಬಿಡುವುದು ಅವರ ಕೆಲಸ. ನಮ್ಮ ಕೆರೆಗಳು ಮನುಷ್ಯ ಏರಿ ಹಾಕಿ ಮಾಡಿದವು, ಆಳ ಕಡಿಮೆ. ಮಳೆಗಾಲದಲ್ಲಿ ತುಂಬಿ ಕೋಡಿ ಹರಿಯಬೇಕು, ಬೇಸಿಗೆಯಲ್ಲಿ ತಗ್ಗಬೇಕು. ಆಗಲೇ ರೈತರು ಹೂಳು ತೆಗೆದು ಗದ್ದೆಗೆ ಹೊಡೆಯುತ್ತಿದ್ದದ್ದು. ತೇಲುವ ಮನೆ ಇಟ್ಟರೆ ಮಾರ್ಚ್ ಹೊತ್ತಿಗೆ ಕೆಸರಲ್ಲಿ ಕೂತಿರುತ್ತದೆ. ಈಗ ವರ್ಷವಿಡೀ ತುಂಬಿರುವ ಕೆರೆ ಕಂಡರೆ ಬಹುಪಾಲು ಅದು ಊರಿನ ಬಚ್ಚಲು ನೀರು. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಬಂದದ್ದು, ಕೆರೆಗೇ ಬೆಂಕಿ ಬಿದ್ದದ್ದು ನಾವೆಲ್ಲ ನೋಡಿದ್ದೇವೆ. ಕಣ್ಣಿಡಲು ಕೆರೆ ಮೇಲೆ ಮನೆ ಬೇಡ. ದಿನಾ ಬೆಳಿಗ್ಗೆ ಏರಿ ಮೇಲೆ ನಡೆಯುವ ಜನ ರಾಜಕಾಲುವೆ ಬಾಯಿಯವರೆಗೂ ನಡೆದರೆ ಸಾಕು.

ಮೇಡಂ ಹೇಳಿದ ಬೆಳಗಿನ ಸುತ್ತು ಕೇಳಿ ತಾತ ನೆನಪಾದರು. ಅವರೂ ಎದ್ದು ಮೊದಲು ತೂಬಿನ ಹತ್ತಿರ ಹೋಗುತ್ತಿದ್ದರು.

ಗಿರಿನಗರ ಮೇಷ್ಟ್ರು:

ನಮ್ಮ ದೇಶದಲ್ಲೇ ಮಣಿಪುರದ ಲೋಕ್‌ಟಕ್ ಸರೋವರ ಇದೆ. ಅಲ್ಲಿ ಸತ್ತ ಗಿಡ, ಬೇರು, ಮಣ್ಣು ಹೆಣೆದುಕೊಂಡು ಆದ ಫುಮ್ಡಿ ಎನ್ನುವ ತೇಲುವ ನೆಲದ ಮೇಲೆ ಮೀನುಗಾರರು ಗುಡಿಸಲು ಕಟ್ಟಿಕೊಂಡು ಬಾಳಿದ್ದಾರೆ. ಮೊದಲು ಬೇಸಿಗೆಯಲ್ಲಿ ನೀರು ಇಳಿದಾಗ ಫುಮ್ಡಿ ತಳಕ್ಕೆ ತಾಗಿ, ಬೇರುಗಳು ಮಣ್ಣಿನ ಸಾರ ಹೀರಿಕೊಂಡು ಮಳೆಗಾಲಕ್ಕೆ ಮತ್ತೆ ಮೇಲೇಳುತ್ತಿತ್ತು. 1983ರಲ್ಲಿ ಇತಾಯ್ ಬ್ಯಾರೇಜ್ ಆದ ಮೇಲೆ ನೀರಿನ ಮಟ್ಟ ವರ್ಷವಿಡೀ ಎತ್ತರದಲ್ಲೇ ನಿಂತು, ಫುಮ್ಡಿ ತೆಳ್ಳಗಾಗುತ್ತಾ ಬಂತು. ನೀರಿನ ಮೇಲೆ ಇರುವವರ ಬದುಕು ನೀರು ಏರಿಳಿಯುವ ರೀತಿಯ ಮೇಲೆ ನಿಂತಿದೆ. ಮೇಡಂ, ನಿಮ್ಮ ಕೆರೆಗೂ ಅಣೆಕಟ್ಟು ಇದೆ ಅಂದಿರಿ. ಮಟ್ಟ ಬದಲಾದಾಗ ಏನು ಮಾಡುತ್ತಿದ್ದಿರಿ?

ಉತ್ತರಹಳ್ಳಿ ಮಹಡಿ:

ಮೇಷ್ಟ್ರೇ, ಒಂದು ರಾತ್ರಿಯ ಕತೆ ಹೇಳುತ್ತೇನೆ.

ಬೇಸಿಗೆ ಕೊನೆಯಲ್ಲಿ ಕೆರೆ ಇಳಿದಿರುತ್ತದೆ, ಅಕ್ಟೋಬರಿನಲ್ಲಿ ಮಳೆ ಹಿಡಿಯುತ್ತದೆ. ಕೇಬಲ್ಲಿನ ಆ ಕಡೆಯ ತುದಿ ಬಂಡೆಯಲ್ಲಿ, ನೀರಿಗಿಂತ ಮೇಲೆ ಇದೆ. ಕೆರೆ ಇಳಿದರೆ ಮನೆ ಕೆಳಗೆ ಹೋಗಿ ಕೇಬಲ್ ಬಿಗಿಯಾಗುತ್ತದೆ, ಸಡಿಲ ಬಿಡದಿದ್ದರೆ ಒಂದು ಮೂಲೆಯನ್ನು ಎತ್ತಿ ಹಿಡಿಯುತ್ತದೆ. ಕೆರೆ ಏರಿದರೆ ಕೇಬಲ್ ಸಡಿಲವಾಗಿ ಮನೆ ಗಾಳಿಗೆ ತೂಗಾಡುತ್ತದೆ, ಹಿಂದೆ ಬಂಡೆ ಇದೆ.

ಅವತ್ತು ಎರಡನೇ ದಿನದ ಮಳೆ. ರಾತ್ರಿ ಒಂದೂವರೆಗೆ ಎಚ್ಚರವಾಯಿತು. ಮನೆ ಯಾವಾಗಲೂ ಸ್ವಲ್ಪ ತೂಗುತ್ತದೆ, ಅದು ಅಭ್ಯಾಸವಾಗಿತ್ತು. ಅವತ್ತು ತೂಗಿ, ಒಂದು ಕ್ಷಣ ನಿಂತು, ಕೆಳಗೆಲ್ಲೋ ಧಡ್ ಅಂತ ಸದ್ದು. ಗೂಡಿನ ಲೋಟಗಳು ಕಿಣಿ ಅಂದವು. ಭಾವ ಆಗಲೇ ಬೂಟು ಹಾಕುತ್ತಿದ್ದರು. "ಬಾರಮ್ಮ, ಟಾರ್ಚ್ ಹಿಡಿ" ಅಂದರು. ಜಗಲಿಯ ಮೂಲೆಯಲ್ಲಿ ಕೇಬಲ್ ಸುತ್ತಿ ಬಿಗಿಯಲು ಕೈಯಿಂದ ತಿರುಗಿಸುವ ವಿಂಚು. ಗಾಳಿ ಮನೆಯನ್ನು ದಡದ ಕಡೆ ತಳ್ಳಿದಾಗ ಕೇಬಲ್ ನೀರಿಗೆ ಜೋತುಬೀಳುತ್ತಿತ್ತು. ಅಷ್ಟೇ ಹೊತ್ತಿನಲ್ಲಿ ನಾಲ್ಕೈದು ಹಲ್ಲು ತಿರುಗಿಸಬೇಕು. ಮನೆ ಹಿಂದಕ್ಕೆ ಬಂದಾಗ ಕೇಬಲ್ ಬಿಗಿದು ನೀರು ಕೊಡವುತ್ತದೆ, ಆಗ ಕೈ ತೆಗೆದು ದೂರ ನಿಲ್ಲಬೇಕು. ಮತ್ತೆ ಜೋತುಬೀಳುವುದನ್ನು ಕಾಯಬೇಕು. ಎರಡು ಮೂಲೆ ಮುಗಿಯುವ ಹೊತ್ತಿಗೆ ಮೂರು ಗಂಟೆ. ಒಳಗೆ ಬಂದಾಗ ಅಕ್ಕ ಒಲೆಗೆ ಸೌದೆ ಹಾಕಿ ಶುಂಠಿ ಕಷಾಯ ಇಟ್ಟಿದ್ದಳು.

ಬೆಳಿಗ್ಗೆ ರಸಮಟ್ಟದ ಗುಳ್ಳೆ ಒಂದು ಕಡೆ ಸರಿದಿತ್ತು. ಫ್ರಿಜ್ ತಂಪಿರಲಿಲ್ಲ. ಆ ಮೂಲೆಯ ಹಳೇ ದಿಮ್ಮಿ ನೀರು ಕುಡಿದು ಭಾರವಾಗಿತ್ತು. ಅದಕ್ಕೆ ಮಾಡುವುದು ಡ್ರಮ್ಮಿನ ಕೆಲಸ. ನಮ್ಮ ಮನೆಗಳಲ್ಲಿ ನೀರು ಹಿಡಿದಿಡುತ್ತೇವಲ್ಲ, ಅದೇ 200 ಲೀಟರಿನ ನೀಲಿ ಡ್ರಮ್ಮು. ಮೊದಲು ಡ್ರಮ್ಮಿಗೆ ನೀರು ತುಂಬಿ ಮುಳುಗಿಸಬೇಕು. ಬಿರಡೆಯ ಬಾಯಿ ಕೆಳಗಿರುವಂತೆ ಕೋಲಿನಿಂದ ದಿಮ್ಮಿಗಳ ಅಡಿಗೆ ತಳ್ಳಬೇಕು. ಆಮೇಲೆ ಪಂಚರ್ ಅಂಗಡಿಯಲ್ಲಿ ಇರುವಂಥ ಪುಟ್ಟ ಕಂಪ್ರೆಸರಿನ ಪೈಪು ಒಳಗೆ ಬಿಟ್ಟು ಗಾಳಿ ತುಂಬಬೇಕು. ಗಾಳಿ ಹೋದಂತೆ ನೀರು ಹೊರಗೆ. ಒಂದು ಡ್ರಮ್ಮು 190 ಕೆಜಿಯಷ್ಟು ಎತ್ತುತ್ತದೆ. ಎರಡು ಡ್ರಮ್ಮು ತಳ್ಳಿದೆವು. ಭಾವ ಕಂಪ್ರೆಸರ್ ಹತ್ತಿರ, ನಾನು ಫ್ರಿಜ್ ಮುಂದೆ ನಿಂತು ಗುಳ್ಳೆ ನೋಡುತ್ತಾ "ಇನ್ನೂ, ಇನ್ನೂ ಸ್ವಲ್ಪ, ಸಾಕು" ಅಂತ ಕೂಗುತ್ತಿದ್ದೆ. ಕೂದಲೆಳೆಯಷ್ಟೇ ಸರಿದು ಗುಳ್ಳೆ ಎರಡು ಗೆರೆಗಳ ಮಧ್ಯೆ ಬಂದು ನಿಂತಿತು. ಸಂಜೆಗೆ ಮೊಸರು ಮತ್ತೆ ತಣ್ಣಗಿತ್ತು.

ನೀರಗಂಟಿ ಮೊಮ್ಮಗ:

ತೆಪ್ಪೋತ್ಸವಕ್ಕೆ ನಮ್ಮೂರಲ್ಲಿ ತೆಪ್ಪ ಕಟ್ಟುವುದೂ ಡ್ರಮ್ಮಿನ ಮೇಲೇ. ದೇವರನ್ನು ಕೂರಿಸುವ ಮುಂಚೆ ಹುಡುಗರನ್ನು ನಾಲ್ಕೂ ಮೂಲೆಗೆ ನಿಲ್ಲಿಸಿ ಯಾವ ಕಡೆ ತಗ್ಗುತ್ತದೆ ಅಂತ ನೋಡುತ್ತಾರೆ. ನಾನೂ ಒಂದು ಮೂಲೆಗೆ ನಿಂತಿದ್ದೇನೆ.

ಬನಶಂಕರಿ ಅಡುಗೆಮನೆ:

ಓದಿ ಮೈ ಜುಮ್ ಅಂತು. ವಾಪಸ್ ಬಂದ ಮೇಲೆ ಇಲ್ಲಿ ಏನಾದರೂ ಬದಲಾಯಿಸಿಕೊಂಡಿರಾ?

ಉತ್ತರಹಳ್ಳಿ ಮಹಡಿ:

ಹೌದಮ್ಮಾ, ಮಹಡಿ ಮೇಲೆ ಒಂದು ರೂಮಿದೆ, 10 ಅಡಿಗೆ 12 ಅಡಿ, ಶೀಟಿನ ಛಾವಣಿ. ಕೂತು ಕೆಲಸ ಮಾಡುವುದು ಅಲ್ಲೇ. ಅದಕ್ಕೆ ಲೈನ್ ಕರೆಂಟ್ ತೆಗೆಸಿದ್ದೇನೆ. ಒಂದು ಪ್ಯಾನೆಲ್, ಒಂದು ಬ್ಯಾಟರಿ. ಫ್ಯಾನು, ದೀಪ, ಲ್ಯಾಪ್‌ಟಾಪ್ ಮೂರೂ ಅದರಲ್ಲೇ ನಡೆಯುತ್ತಿವೆ. ಬೆಳಿಗ್ಗೆ ಎದ್ದು ಸಂಪು, ಮೇಲಿನ ಟ್ಯಾಂಕು, ಬ್ಯಾಟರಿ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಮೂರನೇ ವಾರದಲ್ಲೇ ಒಂದು ವಿಷಯ ಸಿಕ್ಕಿತು. ಯಾರೂ ನೀರು ಬಳಸದ ರಾತ್ರಿಯಲ್ಲೂ ಟ್ಯಾಂಕು ಎರಡು ಇಂಚು ಇಳಿಯುತ್ತಿತ್ತು. ಕೆಳಗಿನ ಬಾತ್‌ರೂಮಿನ ಫ್ಲಶ್ಷು ಸೋರುತ್ತಿತ್ತು, ಎಷ್ಟು ವರ್ಷದಿಂದಲೋ. ಇನ್ನು ಆ ಛಾವಣಿಯ ಮಳೆನೀರು ಹಿಡಿಯಬೇಕು. ಎಷ್ಟು ದೊಡ್ಡ ಡ್ರಮ್ಮು ಬೇಕಾಗುತ್ತದೆ, ಯಾರಾದರೂ ಹೇಳುತ್ತೀರಾ?

ವೋಲ್ಟ್ ಲೆಕ್ಕ:

120 ಚದರ ಅಡಿ ಅಂದರೆ 11 ಚದರ ಮೀಟರ್ ಚಿಲ್ಲರೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 20 ಮಿಲಿಮೀಟರಿನ ಒಂದು ಜೋರು ಮಳೆಗೆ 220 ಲೀಟರ್. ಮೊದಲ 20 ಲೀಟರ್ ಧೂಳು ತೊಳೆದ ನೀರು, ಅದನ್ನು ಬೇರೆ ಬಿಡಿ. ಸರಿಯಾಗಿ ಒಂದು ನೀಲಿ ಡ್ರಮ್ಮು.

ಗಿರಿನಗರ ಮೇಷ್ಟ್ರು:

ಬೆಂಗಳೂರಲ್ಲಿ ಮಳೆನೀರು ಕೊಯ್ಲು 2009ರಿಂದ ಕಡ್ಡಾಯ. ಹೊಸದಾಗಿ ಕಟ್ಟುವ 30×40 ಸೈಟಿಗೂ ಅನ್ವಯಿಸುತ್ತದೆ. ಕಾಗದದ ಮೇಲೆ ಪೈಪು ತೋರಿಸಿ ಸುಮ್ನೆ ಚರಂಡಿಗೆ ಬಿಟ್ಟವರೇ ನಮ್ಮ ಬೀದಿಯಲ್ಲಿ ಜಾಸ್ತಿ. ನೋಡಿದರೆ ಹೊಟ್ಟೆ ಉರಿಯುತ್ತದೆ. ವರ್ಷಕ್ಕೆ 970 ಮಿಲಿಮೀಟರ್ ಹತ್ತಿರ ಮಳೆ ಬೀಳುವ ಊರು ನಮ್ಮದು. ಪೂರಾ 30×40ಯ ಮೇಲೆ ಬೀಳುವುದೇ ಒಂದು ಲಕ್ಷ ಲೀಟರ್ ದಾಟುತ್ತದೆ.

ನೀರಗಂಟಿ ಮೊಮ್ಮಗ:

ಭಾನುವಾರ ನಾನು ಬಿಡುವಿದ್ದೇನೆ ಮೇಡಂ. ಬಂದು ಪೈಪ್ ಜೋಡಿಸಿಕೊಡುತ್ತೇನೆ. ಡ್ರಮ್ಮು ತರುವಾಗ ಎಣ್ಣೆಯೋ ಹಣ್ಣಿನ ರಸವೋ ತುಂಬಿದ್ದದ್ದು ನೋಡಿ ತನ್ನಿ. ಕೆಮಿಕಲ್ ತುಂಬಿದ್ದದ್ದು ಎಷ್ಟು ತೊಳೆದರೂ ಬೇಡ.

ಉತ್ತರಹಳ್ಳಿ ಮಹಡಿ:

ಭಾನುವಾರ ರಾತ್ರಿ ಬರೆಯುತ್ತಿದ್ದೇನೆ. ನೀರಗಂಟಿಯವರ ಮೊಮ್ಮಗ ಬೆಳಿಗ್ಗೆ ಬಂದರು. ಶೀಟಿನ ತುದಿಗೆ ಮಳೆನೀರು ಹರಿಯುವ ದೋಣಿ, ಅದರಿಂದ ಪೈಪು, ಮೊದಲ ನೀರು ಬಿಡಲು ಒಂದು ಅಡ್ಡ ಪೈಪು ಮತ್ತು ಮುಚ್ಚಳ. ಇಟ್ಟಿಗೆ ಕಟ್ಟೆ ಮೇಲೆ ಡ್ರಮ್ಮು ಇಟ್ಟು ಮಟ್ಟ ನೋಡಬೇಕಾಗಿ ಬಂತು. ಭಾವ ನನಗೆ ಕೊಟ್ಟು ಕಳಿಸಿದ್ದ ಹಳೇ ರಸಮಟ್ಟ ತೆಗೆದೆ. ಒಂದು ಕಡೆ ಹೆಂಚಿನ ಚೂರು ಇಟ್ಟ ಮೇಲೆ ಗುಳ್ಳೆ ಮಧ್ಯಕ್ಕೆ ಬಂತು.

ಎಂಟು ಗಂಟೆಗೆ ಗುಡುಗು ಶುರುವಾಯಿತು. ಮೊದಲ ಹತ್ತು ನಿಮಿಷ ಕೆಂಪು ನೀರು, ಆಮೇಲೆ ತಿಳಿ. 9.20ಕ್ಕೆ ಡ್ರಮ್ಮು ತುಂಬಿ ಉಕ್ಕಿತು, ಇನ್ನೂ ಮಳೆ ಬರುತ್ತಲೇ ಇದೆ. ಬಕೆಟ್ಟು, ಪಾತ್ರೆ, ಬಿಂದಿಗೆ ಎಲ್ಲಾ ಇಟ್ಟಾಯಿತು. ಎರಡನೇ ಡ್ರಮ್ಮು ಬೇಕೇ ಬೇಕು. ನಾಳೆ ಯಾರಾದರೂ ನಾಯಂಡಹಳ್ಳಿ ಕಡೆ ಆಟೋದಲ್ಲಿ ಹೋಗುವವರಿದ್ದೀರಾ?